ಅಚ್ಚಾಗದ ಸುದ್ದಿ

— ಮಾಮ, ಶನಿವಾರ ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್‌ನಲ್ಲಿ ‘ರೋಮನ್ ಹಾಲಿಡೇ’ ಹಾಕ್ತಿದ್ದೀವಿ. ಸಿನಿಮಾ ಶುರುವಾಗೋ ಮುಂಚೆ ಹದಿನೈದು ನಿಮಿಷ ನಾನು ಮಾತಾಡಬೇಕು. ತೆರೆಯ ಹಿಂದಿನ ಕತೆಗಳನ್ನೇ ಹೇಳೋಣ ಅಂತ ಒಂದಷ್ಟು ಬರ್ಕೊಂಡಿದ್ದೀನಿ. ಕೇಳ್ತೀರಾ?

— ಓದು. ಆದ್ರೆ ಒಂದೊಂದಕ್ಕೂ ನಾನು ಒಂದೇ ಪ್ರಶ್ನೆ ಕೇಳ್ತೀನಿ. ಆ ಕತೆ ಗೊತ್ತಾದ್ಮೇಲೆ, ಅದಕ್ಕೂ ಮುಂಚೆ ಕಾಣದೇ ಇದ್ದದ್ದು ಏನಾದ್ರೂ ಸಿನಿಮಾದಲ್ಲಿ ಕಾಣುತ್ತಾ? ಕಾಣೋದಾದ್ರೆ ಇಟ್ಕೋ, ಇಲ್ಲಾಂದ್ರೆ ಬಿಟ್ಬಿಡು.

— ಸರಿ. ಮೊದಲನೇದು ಸತ್ಯದ ಬಾಯಿ. ರೋಮ್‌ನ ಸಾಂತಾ ಮರಿಯಾ ಇನ್ ಕಾಸ್ಮೆದಿನ್ ಚರ್ಚಿನ ಮೊಗಸಾಲೆಯಲ್ಲಿರೋ ಕಲ್ಲಿನ ಮುಖ. ಸುಳ್ಳು ಹೇಳೋರು ಬಾಯೊಳಗೆ ಕೈ ಇಟ್ರೆ ಕಚ್ಚಿಹಾಕುತ್ತೆ ಅಂತ ಪ್ರತೀತಿ. ಗ್ರೆಗರಿ ಪೆಕ್ ಕೈ ಇಡ್ತಾನೆ, ಚೀರ್ತಾನೆ, ತೋಳು ಹೊರಗೆ ಬಂದಾಗ ತುದಿಯಲ್ಲಿ ಕೈಯೇ ಇರಲ್ಲ. ಕೋಟಿನ ತೋಳೊಳಗೆ ಎಳ್ಕೊಂಡಿರ್ತಾನೆ. ರೆಡ್ ಸ್ಕೆಲ್ಟನ್ ಅನ್ನೋ ಹಾಸ್ಯನಟನಿಂದ ಕಡ ತಂದ ಚೇಷ್ಟೆ ಅದು. ಪೆಕ್ ನಿರ್ದೇಶಕ ವಿಲಿಯಂ ವೈಲರ್‌ಗೆ ಮಾತ್ರ ಹೇಳಿದ. ವೈಲರ್ ಮಾಡು ಅಂದ, ಹುಡುಗಿಗೆ ಹೇಳಬೇಡ ಅಂದ. ಆಡ್ರಿ ಹೆಪ್‌ಬರ್ನ್ ಹೆದರಿ ಕಿರುಚಿದ್ದು ನಟನೆ ಅಲ್ಲ. ಒಂದೇ ಟೇಕ್‌ನಲ್ಲಿ ಮುಗೀತು.

— ಸಿನಿಮಾ ನೋಡಿದ ಅರ್ಧಕ್ಕರ್ಧ ಜನಕ್ಕೆ ಇದು ಗೊತ್ತು. ಆದ್ರೂ ಇಟ್ಕೋ. ಆ ಹೊತ್ತಿಗೆ ಕತೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳ್ತಾ ಓಡಾಡ್ತಿರ್ತಾರೆ. ಅವಳು ರಾಜಕುಮಾರಿ, ಶಾಲೆಯಿಂದ ತಪ್ಪಿಸ್ಕೊಂಡು ಬಂದೆ ಅಂದಿರ್ತಾಳೆ. ಅವನು ಸುದ್ದಿಗಾರ, ಗೊಬ್ಬರ, ಕೆಮಿಕಲ್ ಮಾರ್ತೀನಿ ಅಂದಿರ್ತಾನೆ. ಆ ಕಲ್ಲಿನ ಮುಂದೆ ಮೊದಲು ಅವಳನ್ನ ಕೈ ಇಡು ಅಂತಾನೆ. ಅವಳ ಬೆರಳನ್ನ ನೋಡು ನೀನು. ಬಾಯಿಯ ಅಂಚಿನ ತನಕ ಹೋಗುತ್ತೆ, ಹಿಂದಕ್ಕೆ ಬರುತ್ತೆ. ನೀನೇ ಇಡು ಅಂತಾಳೆ. ಆಗ ಅವನ ಮುಖದಲ್ಲೂ ಒಂದು ಚೂರು ಅಳುಕು ಹಾದುಹೋಗುತ್ತೆ. ಅಲ್ಲಿತನಕ ಬರೆದಿಟ್ಟದ್ದು. ಆಮೇಲಿನ ಕಿರುಚು, ಹಿಂದಿನಿಂದ ಅವನನ್ನ ತಬ್ಬಿಹಿಡಿದು ಎಳೆಯೋದು, ಕೈ ಹೊರಬಂದಾಗ ಅವನ ಎದೆಗೆ ಗುದ್ದೋದು, ಅದೆಲ್ಲ ಆ ಕ್ಷಣದಲ್ಲಿ ಹುಟ್ಟಿದ್ದು. ಇಬ್ಬರು ಸುಳ್ಳುಗಾರರ ನಡುವೆ ಮೊದಲ ಸಲ ಒಂದು ನಿಜ ಅಂತ ಬರೋದು ಅಲ್ಲೇ. ಪೆಕ್ ಚೇಷ್ಟೆ ಮಾಡಿದ್ದು ಸರಿಯಾದ ಜಾಗದಲ್ಲಿ.

— ಎರಡನೇದು ಸ್ಕ್ರೀನ್ ಟೆಸ್ಟ್. 1951ರ ಸೆಪ್ಟೆಂಬರ್, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋ. ವೈಲರ್ ಅಲ್ಲಿರಲಿಲ್ಲ, ಥೊರಾಲ್ಡ್ ಡಿಕಿನ್ಸನ್ ಅನ್ನೋ ಬ್ರಿಟಿಷ್ ನಿರ್ದೇಶಕನ ಕೈಯಲ್ಲಿ ಪರೀಕ್ಷೆ. ದೃಶ್ಯ ಮುಗಿದ ಮೇಲೂ ಕ್ಯಾಮೆರಾ ನಿಲ್ಲಿಸಬೇಡಿ ಅಂತ ಮೊದಲೇ ಮಾತಾಗಿತ್ತು. ಮಂಚದ ಮೇಲೆ ರಾಜಕುಮಾರಿಯಾಗಿ ಮಲಗಿದ್ದ ಹುಡುಗಿ ‘ಕಟ್’ ಅಂದ ಕೂಡಲೇ ಎದ್ದು ಕೂತು, ಮೈ ಸಡಿಲ ಬಿಟ್ಟು, ಹೇಗಿತ್ತು ಅಂತ ಆಸೆಯಿಂದ ಕೇಳ್ತಾ ನಕ್ಕಳಂತೆ. ರೋಮ್‌ನಲ್ಲಿ ಆ ರೀಲ್ ನೋಡಿದ ವೈಲರ್‌ಗೆ ಇವಳೇ ಸಾಕು ಅನ್ನಿಸ್ತು.

— ಇದು ಬಲು ಒಳ್ಳೇದು. ಇಡೀ ಸಿನಿಮಾ ಇರೋದೇ ಹಾಗಲ್ವಾ? ರಾಜಕುಮಾರಿ ಅನ್ನೋ ಪಾತ್ರ ಮಾಡ್ತಾ ಮಾಡ್ತಾ ಸಾಕಾಗಿಹೋದ ಹುಡುಗಿ ಒಂದು ದಿನದ ಮಟ್ಟಿಗೆ ‘ಕಟ್’ ಅಂದ್ಕೊಂಡು ಎದ್ದುಬಿಡ್ತಾಳೆ. ಅವರಿಗೆ ಬೇಕಾಗಿದ್ದದ್ದು ನಟನೆ ನಿಂತ ಮೇಲೂ ನೋಡಬೇಕು ಅನ್ನಿಸೋ ಒಂದು ಮುಖ. ಆ ಪರೀಕ್ಷೆಯಲ್ಲಿ ಡಿಕಿನ್ಸನ್ ಅವಳ ಹತ್ತಿರ ಯುದ್ಧಕಾಲದ ಬದುಕಿನ ಬಗ್ಗೆಯೂ ಮಾತಾಡಿಸಿದ್ದ. ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಬೆಳೆದವಳು. 1944–45ರ ಚಳಿಗಾಲದಲ್ಲಿ ಅಲ್ಲಿ ಬರಗಾಲ, ತಿನ್ನೋಕೆ ಗತಿಯಿಲ್ಲ. ಬ್ಯಾಲೆ ಕಲಿತು, ಇಂಗ್ಲಿಷ್ ಸಿನಿಮಾಗಳಲ್ಲಿ ಪುಟಾಣಿ ಪಾತ್ರ ಮಾಡಿ, ಫ್ರೆಂಚ್ ಲೇಖಕಿ ಕೊಲೆಟ್ ಕಣ್ಣಿಗೆ ಬಿದ್ದು ಬ್ರಾಡ್‌ವೇಯ ‘ಜಿಜಿ’ ನಾಟಕಕ್ಕೆ ಆಯ್ಕೆಯಾಗಿದ್ದಳು. ಆ ನಾಟಕ ಮುಗಿಯೋ ತನಕ ಪ್ಯಾರಾಮೌಂಟ್ ಕಂಪನಿ ಕಾದು ಕೂತಿತ್ತು. ಶೂಟಿಂಗ್ ಶುರುವಾದದ್ದು 1952ರ ಬೇಸಿಗೆಯಲ್ಲಿ. ಈಗ ಆ ಮೊದಲ ದೃಶ್ಯ ಜ್ಞಾಪಿಸ್ಕೋ. ಸಾಲುಸಾಲಾಗಿ ಗಣ್ಯರು ಬಂದು ವಂದಿಸ್ತಿರ್ತಾರೆ. ಕ್ಯಾಮೆರಾ ಮೆಲ್ಲಗೆ ನಿಲುವಂಗಿಯ ಒಳಗೆ ಹೋಗುತ್ತೆ. ಒಂದು ಕಾಲು ಬೂಟಿನಿಂದ ಹೊರಬಂದು ಇನ್ನೊಂದು ಕಾಲನ್ನ ತೀಡ್ತಿರುತ್ತೆ. ಅಷ್ಟರಲ್ಲಿ ಬೂಟು ಉರುಳಿಬೀಳುತ್ತೆ, ಹುಡುಕಿದ್ರೆ ಕಾಲಿಗೆ ಎಟುಕಲ್ಲ. ಮೇಲೆ ಮುಖದಲ್ಲಿ ಮಾತ್ರ ಒಂದು ಗೆರೆ ಅಲುಗಲ್ಲ. ಅವಳಿಗೆ ಏನು ಬೇಕು ಅಂತ ಒಂದು ಮಾತೂ ಆಡದೆ ಹೇಳಿ ಮುಗಿಸ್ತಾರೆ. ನಗಿಸ್ತಾ ನಗಿಸ್ತಾ ಮರುಕ ಹುಟ್ಟಿಸೋದು ಅಂದ್ರೆ ಅದು.

— ಮೂರನೇದು, ಪೆಕ್‌ನ ದೊಡ್ಡತನ. ಕರಾರಿನ ಪ್ರಕಾರ ಸಿನಿಮಾದ ಹೆಸರಿನ ಮೇಲೆ ಅವನ ಹೆಸರು ಒಂದೇ ಇರಬೇಕಿತ್ತು. ಕೆಲವು ದಿನ ಜೊತೆಯಲ್ಲಿ ಕೆಲಸ ಮಾಡಿದ ಮೇಲೆ ಅವನೇ ಫೋನ್ ಮಾಡಿ, ಈ ಹುಡುಗಿ ಹೆಸರೂ ನನ್ನ ಹೆಸರಿನ ಜೊತೆ ಬರಲಿ, ಇವಳು ಆಸ್ಕರ್ ಗೆಲ್ತಾಳೆ, ಆಮೇಲೆ ನಾನು ನಗೆಪಾಟಲಾಗ್ತೀನಿ ಅಂದನಂತೆ. ಹಾಗೇ ಆಯ್ತು. ಮೊದಲ ದೊಡ್ಡ ಪಾತ್ರಕ್ಕೇ ಆಸ್ಕರ್.

— ಇಟ್ಕೋ. ಅವನು ಇಡೀ ಸಿನಿಮಾದಲ್ಲಿ ಏನು ಮಾಡ್ತಾನೆ ಅಂತ ಗಮನಿಸಿದ್ದೀಯಾ? ಅವಳನ್ನ ನೋಡ್ತಾನೆ, ಅಷ್ಟೇ. ಅವಳು ಕೂದಲು ಕತ್ತರಿಸ್ಕೊಳ್ಳೋದನ್ನ, ಐಸ್‌ಕ್ರೀಂ ತಿನ್ನೋದನ್ನ, ವೆಸ್ಪಾ ಅಡ್ಡಾದಿಡ್ಡಿ ಓಡಿಸೋದನ್ನ. ತನ್ನ ಕಡೆಗೆ ಬೆಳಕು ಎಳ್ಕೊಳ್ಳೋ ಆಸೆ ಒಂದು ಫ್ರೇಮಿನಲ್ಲೂ ಇಲ್ಲ. ಆಗಲೇ ಹೆಸರು ಮಾಡಿದ ನಟ ಹಾಗೆ ಹಿಂದೆ ಸರಿದು ನಿಲ್ಲೋದು ಸುಲಭವಲ್ಲ. ಈ ಪಾತ್ರಕ್ಕೆ ಕ್ಯಾರಿ ಗ್ರಾಂಟ್‌ನ ಹೆಸರು ಮೊದಲು ಕೇಳಿಬಂದಿತ್ತು. ಅವನು ಒಪ್ಪಲಿಲ್ಲ. ಒಪ್ಪಿದ್ದಿದ್ರೆ ಮಾತಿನ ಚಟಾಕಿ ಹೆಚ್ಚಿರ್ತಿತ್ತು, ಈ ಸುಮ್ಮನೆ ನೋಡೋದು ಇರ್ತಿರಲಿಲ್ಲ ಅಂತ ನನಗನ್ನಿಸುತ್ತೆ.

— ಪೆಕ್‌ನ ವಿಷಯ ಇನ್ನೊಂದಿದೆ. ಪತ್ರಕರ್ತನ ಪಾತ್ರ ಮಾಡೋಕೆ ರೋಮ್‌ಗೆ ಹೋಗ್ತಾ ಪ್ಯಾರಿಸ್‌ನಲ್ಲಿ ಇಳಿದಾಗ ಅವನನ್ನ ಸಂದರ್ಶನ ಮಾಡಿದವಳು ವೆರೊನಿಕ್ ಪಸ್ಸಾನಿ ಅನ್ನೋ ಪತ್ರಕರ್ತೆ. 1955ರ ಡಿಸೆಂಬರ್ ಕೊನೇ ದಿನ ಅವಳನ್ನೇ ಮದುವೆ ಆದ.

— ಕೇಳೋಕೆ ಚೆನ್ನಾಗಿದೆ. ಆದ್ರೆ ಬಿಡು. ಅದು ಗೊತ್ತಿದ್ರೂ ಒಂದೇ, ಗೊತ್ತಿಲ್ಲದಿದ್ರೂ ಒಂದೇ, ದೃಶ್ಯ ಬದಲಾಗಲ್ಲ.

— ಹಾಗಾದ್ರೆ ಕಪ್ಪು-ಬಿಳುಪು? ವೈಲರ್‌ಗೆ ಇಡೀ ಸಿನಿಮಾ ರೋಮ್‌ನಲ್ಲೇ ತೆಗೀಬೇಕು ಅಂತ ಹಟ. ಹಾಲಿವುಡ್‌ನಲ್ಲಿ ಸೆಟ್ ಹಾಕಿ ತೆಗೆದ್ರೆ ಆಗಲ್ವಾ ಅಂತ ಸ್ಟುಡಿಯೋದವರ ವಾದ. ಅಷ್ಟು ದೂರ ಹೋಗಿ ತೆಗೆಯೋ ಖರ್ಚಿನಲ್ಲಿ ಬಣ್ಣ ಕೈತಪ್ಪಿತು. ಸಿನಿಮಾದ ಶುರುವಿನಲ್ಲೇ ಇಡೀ ಚಿತ್ರವನ್ನ ರೋಮ್‌ನಲ್ಲೇ ತೆಗೆದದ್ದು ಅಂತ ಅಕ್ಷರದಲ್ಲಿ ಹಾಕ್ತಾರೆ.

— ಅದರ ಹಿಂದೆ ಇನ್ನೊಂದು ಲೆಕ್ಕ ಇದೆ. ಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಅಮೆರಿಕದ ಸಿನಿಮಾಗಳು ಗಳಿಸಿದ ದುಡ್ಡನ್ನ ಪೂರ್ತಿ ಹೊರಗೆ ತಗೊಂಡು ಹೋಗೋ ಹಾಗಿರಲಿಲ್ಲ. ಅಲ್ಲೇ ಸಿಕ್ಕಿಹಾಕ್ಕೊಂಡಿತ್ತು. ಅಲ್ಲೇ ಖರ್ಚು ಮಾಡಬೇಕು ಅಂದ್ರೆ ಅಲ್ಲೇ ಸಿನಿಮಾ ತೆಗೀಬೇಕು. ಒಳಾಂಗಣ ತೆಗೆದ ಚಿನೆಚಿತ್ತಾ ಸ್ಟುಡಿಯೋ ಇದೆಯಲ್ಲ, ಅದು ಯುದ್ಧದಲ್ಲಿ ಬಾಂಬ್ ಬಿದ್ದು, ಆಮೇಲೆ ನಿರಾಶ್ರಿತರ ಶಿಬಿರವಾಗಿದ್ದ ಜಾಗ. ಅಂಥ ರೋಮ್‌ಗೆ, ಬೆವರು ಸುರಿಯೋ ಬೇಸಿಗೆಯಲ್ಲಿ, ಇವರು ಪ್ರೇಮದ ತಮಾಷೆ ತೆಗೆಯೋಕೆ ಬಂದ್ರು. ಸ್ಪ್ಯಾನಿಷ್ ಮೆಟ್ಟಿಲ ಹತ್ರ ಶೂಟಿಂಗ್ ನೋಡೋಕೆ ಊರಿಗೆ ಊರೇ ನೆರೆಯೋದು. ಬಣ್ಣ ಇದ್ದಿದ್ರೆ ಆ ಊರು ಪ್ರವಾಸಿಗರ ಪೋಸ್ಟ್‌ಕಾರ್ಡ್ ಆಗ್ತಿತ್ತು. ಕಪ್ಪು-ಬಿಳುಪಿನಲ್ಲಿ ಗೋಡೆಯ ಬಿರುಕು, ಬೀದಿಯ ಧೂಳು, ಬೆಳಗಿನ ಮಾರ್ಕೆಟ್ಟು ನಿಜವಾಗಿಯೇ ಉಳೀತು. ಕ್ಯಾಮೆರಾ ಹಿಡಿದ ಇಬ್ಬರಲ್ಲಿ ಒಬ್ಬ ಆನ್ರಿ ಅಲೆಕಾನ್, ಕಾಕ್ಟೊನ ‘ಬ್ಯೂಟಿ ಅಂಡ್ ದಿ ಬೀಸ್ಟ್’ಗೆ ಬೆಳಕು ಕಟ್ಟಿದವನು. ರಾತ್ರಿಯ ನದಿ ದಂಡೆ ನೋಡಿದ್ರೆ ಗೊತ್ತಾಗುತ್ತೆ.

— ಬಟ್ಟೆ ಬಗ್ಗೆ ಹೇಳಲಾ? ಈಡಿತ್ ಹೆಡ್‌ಗೆ ಇದರಲ್ಲಿ ಆಸ್ಕರ್ ಬಂತು.

— ಪ್ರಶಸ್ತಿ ಬಿಡು, ತೋಳು ನೋಡು ಅನ್ನು. ಬೆಳಗ್ಗೆ ಹೊರಟಾಗ ಆ ಬಿಳಿ ಬ್ಲೌಸಿನ ತೋಳು ಮಣಿಕಟ್ಟಿನ ತನಕ, ಕೊರಳಿನ ಗುಂಡಿ ಬಿಗಿ. ಹೊತ್ತು ಏರ್ತಾ ಏರ್ತಾ ತೋಳು ಮೇಲಕ್ಕೆ ಮಡಚಿಕೊಳ್ಳುತ್ತೆ, ಕೊರಳು ಬಿಡಿಸ್ಕೊಳ್ಳುತ್ತೆ, ಒಂದು ಪಟ್ಟೆಪಟ್ಟೆ ಸ್ಕಾರ್ಫ್ ಬರುತ್ತೆ. ಅದೇ ಬ್ಲೌಸು, ಅದೇ ಲಂಗ. ಹುಡುಗಿ ಬೇರೆ ಆಗಿಬಿಟ್ಟಿರ್ತಾಳೆ. ಕ್ಲಬ್ಬಿನ ಹುಡುಗೀರಿಗೆ ಇದೊಂದು ಹೇಳು, ಅವರು ಸಿನಿಮಾ ಉದ್ದಕ್ಕೂ ತೋಳೇ ನೋಡ್ತಾರೆ.

— ಸಣ್ಣಪುಟ್ಟವು ಒಂದಷ್ಟಿವೆ. ಐಸ್‌ಕ್ರೀಂ ದೃಶ್ಯದಲ್ಲಿ ಹಿಂದಿನ ಚರ್ಚಿನ ಗಡಿಯಾರ ಒಂದೊಂದು ಶಾಟ್‌ನಲ್ಲಿ ಒಂದೊಂದು ಹೊತ್ತು ತೋರಿಸುತ್ತೆ. ಟ್ರೆವಿ ಕಾರಂಜಿ ಹತ್ರ ಶಾಲೆ ಮಕ್ಕಳ ಗುಂಪಿನಲ್ಲಿ ವೈಲರ್‌ನ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಫೋಟೋಗ್ರಾಫರ್ ಪಾತ್ರದ ಎಡ್ಡಿ ಆಲ್ಬರ್ಟ್ ಕೈಯಲ್ಲಿರೋ ಲೈಟರ್ ಕ್ಯಾಮೆರಾ ಸಿನಿಮಾಕ್ಕೆ ಅಂತ ಮಾಡಿದ ಆಟಿಕೆ ಅಲ್ಲ. ಎಕೋ 8 ಅಂತ ಜಪಾನಿನಲ್ಲಿ ನಿಜವಾಗಿ ತಯಾರಾಗ್ತಿದ್ದದ್ದು.

— ಲೈಟರ್ ಇಟ್ಕೋ, ಕತೆಗೆ ಬೇಕು. ಉಳಿದವು ಯಾರಾದ್ರೂ ಕೇಳಿದ್ರೆ ಹೇಳು.

— ಇನ್ನು ಒಂದಿದೆ, ಅದನ್ನ ಹೇಳಬೇಕೋ ಬೇಡವೋ ಅಂತ ನನಗೇ ಗೊತ್ತಾಗ್ತಿಲ್ಲ. ಕಾರಿನೊಳಗೆ ಇಬ್ಬರೂ ಬೀಳ್ಕೊಡೋ ದೃಶ್ಯ. ಹೆಪ್‌ಬರ್ನ್‌ಗೆ ಅಳು ಬರ್ತಿಲ್ಲ. ಟೇಕ್ ಮೇಲೆ ಟೇಕ್. ರಾತ್ರಿ ಜಾರ್ತಾ ಇದೆ. ವೈಲರ್ ಹತ್ರ ಬಂದು ಎಲ್ಲರ ಎದುರಿಗೆ ಗದರಿದ, ಎಷ್ಟು ಹೊತ್ತು ಕಾಯಬೇಕು, ಅಳೋಕೂ ಬರಲ್ವಾ ಅಂದ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಮೆರಾ ಓಡಿತು. ಆಮೇಲೆ ಅವನು ಸಮಾಧಾನ ಮಾಡಿದ. ಹೆಪ್‌ಬರ್ನ್ ತಾನೇ ಇದನ್ನ ಮುಂದೆ ಹೇಳ್ಕೊಂಡಿದ್ದಾಳೆ, ಬೇಜಾರಿಲ್ಲದೆ.

— ನಿನಗೆ ಯಾಕೆ ಅನುಮಾನ?

— ಯಾಕೆ ಅಂದ್ರೆ ಜನ ಇದನ್ನ ಕೇಳಿ ಚಪ್ಪಾಳೆ ತಟ್ತಾರೆ ಮಾಮ. ನಿರ್ದೇಶಕ ಎಂಥ ಜಾಣ ಅಂತಾರೆ. ಮೊದಲ ದೊಡ್ಡ ಸಿನಿಮಾ, ಪರದೇಶ, ಸುತ್ತ ಗಂಡಸರೇ ತುಂಬಿದ ಸೆಟ್. ಹುಡುಗಿಯನ್ನ ಬೈದು ಅಳಿಸಿದ್ದು ಕಲೆ ಅಂತ ಹೇಳ್ಕೊಂಡು ಓಡಾಡೋದು ನನಗೆ ಒಪ್ಪಿಗೆ ಇಲ್ಲ. ನಾಳೆ ನಮ್ಮ ಕ್ಲಬ್ಬಿನ ಹುಡುಗ ಒಬ್ಬ ಕಿರುಚಿತ್ರ ತೆಗೀತಾನೆ, ಇದನ್ನೇ ಪಾಠ ಅಂದ್ಕೊಳ್ತಾನೆ.

— ನೀನು ಹೇಳೋದು ಸರಿ. ಸತ್ಯದ ಬಾಯಿಯಲ್ಲೂ ಅವಳಿಗೆ ಹೇಳದೇ ಮಾಡಿದ್ರು, ಆದ್ರೆ ಅಲ್ಲಿ ಹೆದರಿಸಿದವನೂ ಅವಳ ಜೊತೆಗೇ ಆಟದಲ್ಲಿದ್ದ, ಕೊನೆಗೆ ಇಬ್ಬರೂ ನಕ್ಕರು. ಇಲ್ಲಿ ಒಬ್ಬನ ಕೈಯಲ್ಲಿ ಪೂರ್ತಿ ಅಧಿಕಾರ, ಇನ್ನೊಬ್ಬಳ ಕೈಯಲ್ಲಿ ಏನೂ ಇಲ್ಲ. ಸಾಲದ್ದಕ್ಕೆ ವೈಲರ್ ಟೇಕ್‌ಗಳಿಗೆ ಹೆಸರಾದವನು. ಸಾಕು ಅನ್ನೋ ತನಕ ಬಿಡ್ತಿರಲಿಲ್ಲ, ಏನು ಬೇಕು ಅಂತಲೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅದೇ ವೈಲರ್‌ನ ಜೊತೆ ಹೆಪ್‌ಬರ್ನ್ ಇನ್ನೂ ಎರಡು ಸಿನಿಮಾ ಮಾಡಿದಳು ಅನ್ನೋದೂ ನಿಜ. ನೀನು ಹೇಳೋದಾದ್ರೆ, ಈಗ ನನಗೆ ಹೇಳಿದ್ಯಲ್ಲ, ಹಾಗೇ ಹೇಳು. ನಿನ್ನ ಅಸಮಾಧಾನ ಸೇರಿಸೇ ಹೇಳು. ಬರೀ ಜಾಣತನದ ಕತೆಯಾಗಿ ಹೇಳಬೇಡ.

— ನನ್ನದು ಇಷ್ಟೇ. ನಿಮ್ಮ ಹತ್ರ ಇನ್ನೇನಾದ್ರೂ ಇದೆಯಾ?

— ನಿನ್ನ ಪಟ್ಟಿಯಲ್ಲಿ ಕತೆ ಬರೆದವನೇ ಇಲ್ಲವಲ್ಲ.

— ಇದ್ದಾನಲ್ಲ. ಇಯಾನ್ ಮೆಕ್ಲೆಲನ್ ಹಂಟರ್. 1954ರ ಮಾರ್ಚ್‌ನಲ್ಲಿ ಕತೆಗೆ ಆಸ್ಕರ್ ಬಂತು. ಹತ್ತು ನಾಮನಿರ್ದೇಶನ, ಮೂರು ಪ್ರಶಸ್ತಿ. ಹೆಪ್‌ಬರ್ನ್, ಈಡಿತ್ ಹೆಡ್, ಹಂಟರ್.

— ಹಂಟರ್ ಒಳ್ಳೆಯ ಬರಹಗಾರ, ಒಳ್ಳೆಯ ಸ್ನೇಹಿತ. ಆದ್ರೆ ಆ ಕತೆ ಅವನದಲ್ಲ. ಡಾಲ್ಟನ್ ಟ್ರಂಬೊನದು. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್‌ನಲ್ಲಿ ಕಮ್ಯುನಿಸ್ಟರು ಯಾರ್ಯಾರಿದ್ದಾರೆ ಅಂತ ವಿಚಾರಣೆ ಶುರು ಮಾಡ್ತು. ನೀನು ಆ ಪಕ್ಷದ ಸದಸ್ಯನಾ, ಹಿಂದೆ ಎಂದಾದ್ರೂ ಆಗಿದ್ಯಾ ಅಂತ ಕೇಳಿದ್ರೆ ಹತ್ತು ಜನ ಅದಕ್ಕೆ ಉತ್ತರ ಕೊಡೋಕೆ ಒಪ್ಪಲಿಲ್ಲ. ಹಾಗೆ ಕೇಳೋ ಹಕ್ಕೇ ನಿಮಗಿಲ್ಲ ಅನ್ನೋದು ಅವರ ನಿಲುವು. ಅವರಲ್ಲಿ ಟ್ರಂಬೊ ಒಬ್ಬ. ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ತಗೊಳ್ತಿದ್ದ ಬರಹಗಾರರಲ್ಲಿ ಒಬ್ಬನಾಗಿದ್ದವನು. ಸ್ಟುಡಿಯೋಗಳು ಅವರನ್ನ ಕಪ್ಪುಪಟ್ಟಿಗೆ ಸೇರಿಸಿ ಬಾಗಿಲು ಹಾಕಿದವು. 1950ರಲ್ಲಿ ಸಂಸತ್ತಿನ ನಿಂದನೆ ಅಂತ ಜೈಲಿಗೂ ಹಾಕಿದ್ರು, ಕೆಂಟಕಿಯ ಆಶ್‌ಲ್ಯಾಂಡ್‌ನಲ್ಲಿ. ಹೆಸರು ಹಾಕಿ ಬರೆಯೋ ಹಾಗಿಲ್ಲ, ಹೊಟ್ಟೆ ಕೇಳಲ್ಲ. ಗೆಳೆಯ ಹಂಟರ್ ತನ್ನ ಹೆಸರು ಕೊಟ್ಟ. ಕತೆ ಹಂಟರ್ ಹೆಸರಿನಲ್ಲಿ ಮಾರಾಟವಾಯ್ತು, ದುಡ್ಡು ಟ್ರಂಬೊ ಮನೆ ಸೇರಿತು. ಸ್ವಲ್ಪ ಕಾಲದಲ್ಲೇ ಹಂಟರ್‌ನನ್ನೂ ಅದೇ ಕಪ್ಪುಪಟ್ಟಿಗೆ ಸೇರಿಸಿದ್ರು.

— ಇಷ್ಟು ಹಗುರವಾದ ಸಿನಿಮಾದ ಹಿಂದೆ ಜೈಲು ಇದೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ಆದ್ರೆ ಮಾಮ, ನಿಮ್ಮದೇ ಪ್ರಶ್ನೆ ನಿಮಗೆ ಕೇಳ್ತೀನಿ. ಇದು ಗೊತ್ತಾದ್ರೆ ಸಿನಿಮಾದಲ್ಲಿ ಏನು ಕಾಣುತ್ತೆ?

— ನಾನು ಪತ್ರಿಕೆಯಲ್ಲಿ ಇದ್ದವನು, ಅದಕ್ಕೇ ನನಗೆ ಕಾಣುತ್ತೋ ಏನೋ. ಕತೆಯ ಬೆನ್ನೆಲುಬು ಏನು ನೋಡು. ಒಬ್ಬ ಸುದ್ದಿಗಾರ. ಬಾಡಿಗೆ ಬಾಕಿ, ಜೂಜಿನಲ್ಲಿ ಸೋಲು. ತಪ್ಪಿಸ್ಕೊಂಡ ರಾಜಕುಮಾರಿ ತಾನಾಗಿ ಕೈಗೆ ಸಿಕ್ಕಿದ್ದಾಳೆ. ಸಂಪಾದಕ 5,000 ಡಾಲರ್ ಕೊಡ್ತೀನಿ ಅಂದಿದ್ದಾನೆ. ಆ ದುಡ್ಡಿನಲ್ಲಿ ಅಮೆರಿಕಕ್ಕೆ ವಾಪಸ್ ಹೋಗಬಹುದು. ಲೈಟರ್ ಕ್ಯಾಮೆರಾದಲ್ಲಿ ಫೋಟೋನೂ ತೆಗೆದಾಗಿದೆ. ಮೊದಲರ್ಧ ಪೂರ್ತಿ ಅವನು ಅವಳ ನಂಬಿಕೆಯನ್ನ ಮಾರೋಕೆ ಅಂತಲೇ ಓಡಾಡ್ತಾನೆ. ಕೊನೆಗೆ ಸಂಪಾದಕ ಮನೆಗೇ ಬಂದು ಪೀಡಿಸಿದಾಗ ಸುದ್ದಿ ಇಲ್ಲ ಅಂತಾನೆ. ಭಾಷಣ ಮಾಡಲ್ಲ, ಕಾರಣ ಕೊಡಲ್ಲ. ಬಾಯಿ ಮುಚ್ಚಿಕೊಳ್ತಾನೆ. ಬೇರೆಯವರ ಗುಟ್ಟು ಬಿಟ್ಟುಕೊಟ್ರೆ ನಿನ್ನ ಕೆಲಸ ಉಳಿಯುತ್ತೆ ಅಂತ ಊರಿಗೆ ಊರನ್ನೇ ಬೆದರಿಸ್ತಿದ್ದ ಕಾಲದಲ್ಲಿ ಬಂದ ಸಿನಿಮಾ ಇದು. ಗೆಳೆಯರ ಹೆಸರು ಹೇಳಿ ತಾವು ಉಳ್ಕೊಂಡವರು ಎಷ್ಟೋ ಜನ.

— ನೀವು ಜಾಸ್ತಿ ಓದ್ತಿಲ್ವಾ? ಓಡಿಹೋದ ಸಿರಿವಂತ ಹುಡುಗಿ, ಬೆನ್ನುಹತ್ತಿದ ಪತ್ರಕರ್ತ ಅನ್ನೋ ಕತೆ 1934ರಲ್ಲೇ ಬಂದಿತ್ತು. ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಅದನ್ನೇ ರಾಜ್ ಕಪೂರ್, ನರ್ಗಿಸ್ ‘ಚೋರಿ ಚೋರಿ’ ಅಂತ ಮಾಡಿದ್ರು. ಚಿತ್ರಕತೆಗೆ ಹಂಟರ್, ಜಾನ್ ಡೈಟನ್ ಇಬ್ಬರ ಕೈಯೂ ಬಿದ್ದಿದೆ.

— ಬಿದ್ದಿದೆ. ಈ ಕತೆಯನ್ನ ಮೊದಲು ತೆಗೀಬೇಕು ಅಂತಿದ್ದವನೂ ಕಾಪ್ರಾನೇ. ಆಮೇಲೆ ವೈಲರ್ ಕೈಗೆ ಬಂತು. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು ಅಂತೀನಿ. ಅಲ್ಲಿ ಕೊನೆಗೆ ಮದುವೆ. ಇಲ್ಲಿ ಅವಳು ವಾಪಸ್ ಅರಮನೆಗೆ, ಅವನು ವಾಪಸ್ ಕೆಲಸಕ್ಕೆ. ಅಲ್ಲಿ ಪ್ರೀತಿ ಅಂದ್ರೆ ಕೂಡೋದು. ಇಲ್ಲಿ ಅವಳ ಒಂದು ದಿನವನ್ನ ಯಾರಿಗೂ ಮಾರದೇ ಇರೋದೇ ಪ್ರೀತಿ. ರೊಮ್ಯಾಂಟಿಕ್ ಕಾಮಿಡಿ ಅಂತ ಕರೆಸ್ಕೊಂಡ ಸಿನಿಮಾ ಹಾಗೆ ಮುಗಿಯೋಕೆ ಧೈರ್ಯ ಬೇಕು. ವೈಲರ್‌ಗೂ ಈ ಕತೆ ಹೊರಗಿನದಾಗಿರಲಿಲ್ಲ. 1947ರ ವಿಚಾರಣೆಗೆ ವಿರೋಧವಾಗಿ ಹಾಲಿವುಡ್‌ನವರು ಕಟ್ಟಿದ ಸಮಿತಿಯನ್ನ ಶುರು ಮಾಡಿದವರಲ್ಲಿ ಅವನೂ ಒಬ್ಬ. ಪೆಕ್‌ನ ಬೆಂಬಲವೂ ಅದಕ್ಕಿತ್ತು.

— ಹಾಗಾದ್ರೆ ಆ ಕೊನೇ ಪತ್ರಿಕಾಗೋಷ್ಠಿ...

— ಅದನ್ನೇ ಹೇಳೋಕೆ ಬಂದೆ. ಕೊಲೊನ್ನಾ ಅರಮನೆಯ ದೊಡ್ಡ ಹಾಲಿನಲ್ಲಿ ತೆಗೆದದ್ದು. ಸಾಲಾಗಿ ನಿಂತವರಲ್ಲಿ ರೋಮ್‌ನಲ್ಲಿ ಕೆಲಸ ಮಾಡ್ತಿದ್ದ ನಿಜವಾದ ವರದಿಗಾರರಿದ್ದಾರೆ. ತಮ್ಮ ಹೆಸರು, ತಮ್ಮ ಪತ್ರಿಕೆ ಹೇಳಿ ರಾಜಕುಮಾರಿಯ ಕೈಕುಲುಕ್ತಾರೆ. ಮ್ಯಾಡ್ರಿಡ್‌ನ ‘ಎಬಿಸಿ’ಯವನು ಅಂತಾನೆ ಒಬ್ಬ. ಆ ಸಾಲಿನಲ್ಲೇ ಪೆಕ್ ತನ್ನ ಪಾತ್ರದ ನಿಜವಾದ ಕೆಲಸ ಮೊದಲ ಸಲ ಅವಳಿಗೆ ಬಾಯಿಬಿಟ್ಟು ಹೇಳೋದು. ಫೋಟೋಗ್ರಾಫರ್ ಗೆಳೆಯ ಒಂದು ಲಕೋಟೆ ಕೊಡ್ತಾನೆ, ರೋಮ್‌ನ ನೆನಪಿಗೆ ಅಂತ. ಅವಳು ಅಂಚು ಸರಿಸಿ ನೋಡ್ತಾಳೆ, ಮೇಲಿನ ಫೋಟೋ ಅವಳೇ ಗಿಟಾರ್‌ನಿಂದ ತನ್ನನ್ನ ಹುಡುಕಿಬಂದ ಗೂಢಚಾರನ ತಲೆಗೆ ಬಾರಿಸ್ತಿರೋದು. ಕೋಟಿ ಜನ ನೋಡಬೇಕಿದ್ದ ಚಿತ್ರ ಅವಳೊಬ್ಬಳ ಕೈಗೆ ಬಂತು. ದೇಶದೇಶಗಳ ನಡುವಿನ ಸ್ನೇಹದಲ್ಲಿ ನನಗೆ ನಂಬಿಕೆಯಿದೆ, ಮನುಷ್ಯರ ನಡುವಿನದರಲ್ಲಿ ಇರೋ ಹಾಗೆ ಅನ್ನೋ ಅರ್ಥದ ಮಾತನ್ನ ಎಲ್ಲರ ಎದುರಿಗೆ ಆಡ್ತಾಳೆ. ಹಾಲಿನಲ್ಲಿ ಅದು ಅರ್ಥವಾಗೋದು ಇಬ್ಬರಿಗೋ ಮೂವರಿಗೋ ಮಾತ್ರ. ಪತ್ರಿಕೆಯಲ್ಲಿದ್ದಾಗ ಸುದ್ದಿ ತರೋದು ಹೇಗೆ ಅಂತ ನಮಗೆ ಎಲ್ಲರೂ ಹೇಳಿಕೊಟ್ರು. ಸುದ್ದಿ ಬಿಡೋದು ಅಂದ್ರೆ ಏನು ಅಂತ ನನಗೆ ತೋರಿಸಿಕೊಟ್ಟದ್ದು ಈ ಸಿನಿಮಾ.

— ಟ್ರಂಬೊಗೆ ಆಮೇಲೆ ನ್ಯಾಯ ಸಿಕ್ತಾ?

— 1960ರಲ್ಲಿ ‘ಎಕ್ಸೋಡಸ್’, ‘ಸ್ಪಾರ್ಟಕಸ್’ ಸಿನಿಮಾಗಳಲ್ಲಿ ಅವನ ಹೆಸರು ಮತ್ತೆ ತೆರೆಗೆ ಬಂತು. 1976ರಲ್ಲಿ ತೀರಿಕೊಂಡ. ‘ರೋಮನ್ ಹಾಲಿಡೇ’ಯ ಆಸ್ಕರ್ ಅವನ ಹೆಂಡತಿ ಕ್ಲಿಯೋ ಕೈಗೆ ಬಂದದ್ದು 1993ರಲ್ಲಿ. ಚಿತ್ರಕತೆಯ ಹೆಸರು ಇನ್ನೂ ಬಾಕಿ ಇತ್ತು. ಅದಕ್ಕಾಗಿ ಓಡಾಡಿದವರು ಇಬ್ಬರು ಮಕ್ಕಳು. ಟ್ರಂಬೊನ ಮಗ ಕ್ರಿಸ್ಟೊಫರ್, ಹಂಟರ್‌ನ ಮಗ ಟಿಮ್. ಅಪ್ಪನಿಗೆ ಬಂದ ಹೆಸರನ್ನ ಅದರ ನಿಜವಾದ ಒಡೆಯನಿಗೂ ಕೊಡಿ ಅಂತ ಹಂಟರ್‌ನ ಮಗನೇ ಕೇಳಿದ್ದು ದೊಡ್ಡ ವಿಷಯ. 2011ರ ಡಿಸೆಂಬರ್‌ನಲ್ಲಿ ಬರಹಗಾರರ ಸಂಘ ಅದನ್ನ ಒಪ್ಪಿ ಸರಿಪಡಿಸ್ತು. ಕ್ರಿಸ್ಟೊಫರ್ ಆ ವರ್ಷದ ಆರಂಭದಲ್ಲೇ ತೀರಿಹೋಗಿದ್ದ.

— ಹದಿನೈದು ನಿಮಿಷದಲ್ಲಿ ಇದನ್ನೆಲ್ಲ ಹೇಗೆ ಹೇಳಲಿ?

— ಎಲ್ಲಾನೂ ಮೊದಲೇ ಹೇಳಬೇಡ. ಬೂಟು, ತೋಳು, ಸತ್ಯದ ಬಾಯಿ ಮೊದಲು. ಟ್ರಂಬೊನನ್ನ ಸಿನಿಮಾ ಮುಗಿದ ಮೇಲೆ ಹೇಳು, ಆ ಹಾಲಿನಿಂದ ಪೆಕ್ ಹೊರಗೆ ಬಂದದ್ದು ಅವರ ಕಣ್ಣಲ್ಲಿ ಇನ್ನೂ ಇರೋವಾಗ. ಅಳಿಸಿದ ವಿಷಯವನ್ನೂ ಆಗಲೇ ಹೇಳು, ವಾದ ಮಾಡೋರು ಮಾಡಲಿ. ಅದಕ್ಕೂ ಮುಂಚೆ ಒಂದು ಕೆಲಸ ಇದೆ. ನೀವು ಹಾಕ್ತಿರೋ ಡಿಸ್ಕ್ ಹಳೇದಾ, ಹೊಸದಾ?

— ಲೈಬ್ರರಿಯದು. ನೋಡಿಲ್ಲ. ಯಾಕೆ?

— ಡಿವಿಡಿಗೆ ಅಂತ ಸಿನಿಮಾವನ್ನ ಶುದ್ಧ ಮಾಡಿದಾಗ ಶುರುವಿನ ಹೆಸರುಗಳಲ್ಲಿ ಟ್ರಂಬೊನನ್ನ ಸೇರಿಸಿದ್ರು. ಹಳೇ ಪ್ರತಿಯಾದ್ರೆ ಕತೆ ಅನ್ನೋ ಕಡೆ ಹಂಟರ್ ಒಬ್ಬನದೇ ಹೆಸರು ಇರುತ್ತೆ. ನಾಳೆ ಹೋಗಿ ಮೊದಲ ಎರಡು ನಿಮಿಷ ಹಾಕಿ ನೋಡು. ಹಳೇದಾಗಿದ್ರೆ ಒಂದು ದೊಡ್ಡ ಹಾಳೆಯಲ್ಲಿ ಸರಿಯಾದ ಹೆಸರು ಬರೆದು ಹಾಲಿನ ಬಾಗಿಲಿಗೆ ಅಂಟಿಸಿ.

— ನಾಳೆ ಯಾಕೆ, ಲೈಬ್ರರಿ ಆರು ಗಂಟೆ ತನಕ ತೆಗೆದಿರುತ್ತೆ. ಈಗಲೇ ಹೋಗಿ ಬರ್ತೀನಿ.